ಬರ್ತೀನಿ ಅನ್ನದೆ ಹೊರಟವರು

ಅಳುವುದರಲ್ಲಿ ನಾನು ನಿಸ್ಸೀಮನಾಗಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಪಟ್ಟ ಕಾಲವೂ ಒಂದಿತ್ತು, ಅದಕ್ಕೇ ಈಗ ಹೇಳಬೇಕಾಗಿದೆ.

ಎಂಬತ್ತರ ದಶಕದಲ್ಲಿ ರಾಜಾಜಿನಗರದ ಒಂದು ಕಾರ್ಖಾನೆಯ ವೆಲ್‌ಫೇರ್ ಸೆಕ್ಷನ್ನಿನಲ್ಲಿ ನಾನು ಗುಮಾಸ್ತ. ಕೆಲಸಗಾರ ಯಾರಾದರೂ ತೀರಿಕೊಂಡರೆ ಆ ಮನೆಗೆ ಹೋಗಿಬರುವುದು ನನ್ನ ಪಾಲಿನ ಕೆಲಸ. ಮಿಕ್ಕವರು ಬಾಗಿಲಲ್ಲೇ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ನಾನು ಒಳಗೆ ಹೋಗಿ ಚಾಪೆಯ ಮೇಲೆ ಕೂರುತ್ತಿದ್ದೆ. ಅವರು ಅತ್ತರೆ ನನಗೂ ಅಳು ಬರುತ್ತಿತ್ತು. ನಾಟಕವಲ್ಲ, ನಿಜವಾದ ಅಳು. "ಸಾವಿನ ಮನೆಗೆ ನೀನೇ ಸರಿ ಕಣೋ ಗುರು," ಎಂದು ಸೆಕ್ಷನ್ನಿನವರು ಕಾಲೆಳೆಯುತ್ತಿದ್ದರು. ಒಳಗೊಳಗೇ ನನಗೆ ಖುಷಿ. ಎಷ್ಟೋ ವರ್ಷಗಳ ಮೇಲೆ ನನ್ನ ಬೀಳ್ಕೊಡುಗೆಯ ದಿನ ಕರುಣಾಮಯಿ ಎಂದು ಭಾಷಣ ಮಾಡಿದರು. ಎದ್ದು ಹೋಗಬೇಕಿತ್ತು. ತೆಪ್ಪಗೆ ಹಾರ ಹಾಕಿಸಿಕೊಂಡೆ.

ಒಂದು ಬೆಳಿಗ್ಗೆ ಲೇತ್ ಮಷೀನಿನ ಮುಂದೆ ನಿಂತಿದ್ದ ಕೆಲಸಗಾರನೊಬ್ಬ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಮೂವತ್ತೈದರ ಆಸುಪಾಸು. ಮರುದಿನ ಗೋವಿಂದರಾಜನಗರದ ಅವನ ಬಾಡಿಗೆ ಮನೆಗೆ ಹೋದೆ. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಇನ್ನೂ ಶಾಲೆಗೆ ಸೇರದ ಮಗಳು ಅವಳ ಸೆರಗು ಹಿಡಿದುಕೊಂಡು ಬಂದವರ ಮುಖ ನೋಡುತ್ತಿದ್ದಳು.

"ನಿನ್ನೆ ಬೆಳಿಗ್ಗೆ ಚಿತ್ರಾನ್ನ ಕಟ್ಟಿದ್ದೆ ಸಾರ್. ತಿಂದಿದ್ರಾ?" ಎಂದು ಆಕೆ ಕೇಳಿದಳು.

ತಿಂದಿರಲಿಲ್ಲ. ನನಗೆ ಗೊತ್ತಿತ್ತು. "ತಿಂದಿದ್ರು ಅಮ್ಮ," ಅಂದೆ. ಅಷ್ಟರಲ್ಲಿ ಅಳು ಒತ್ತರಿಸಿ ಬಂತು. ಅಳುತ್ತಲೇ ಹೇಳಿದೆ: "ಚಿಂತೆ ಮಾಡ್ಬೇಡಿ, ನಾವಿದೀವಿ. ನಿಮಗೆ ನಮ್ಮಲ್ಲೇ ಕೆಲಸ ಕೊಡ್ತಾರೆ. ತಿಥಿ ಒಂದು ಕಳೀಲಿ, ಫಾರಂ ನಾನೇ ತಂದ್ಕೊಡ್ತೀನಿ."

ಅದು ಬಾಯಿಮಾತಿನ ಭರವಸೆಯಲ್ಲ. ಅನುಕಂಪದ ಆಧಾರದ ಮೇಲೆ ನೌಕರಿ ಎಂಬ ನಿಯಮವೇ ಇತ್ತು. ವರ್ಷದೊಳಗೆ ಅರ್ಜಿ ಸೇರಬೇಕು, ಮನೆಗೆ ಹೋಗಿ ವಿಚಾರಿಸಿದ್ದೇನೆ ಎಂದು ನಾನು ಅದಕ್ಕೊಂದು ವರದಿ ಲಗತ್ತಿಸಬೇಕು, ಅಷ್ಟೇ. ಆಕೆ ಏಳನೇ ಕ್ಲಾಸು ಓದಿದ್ದಳು. ಸ್ಟೋರ್ಸಿನಲ್ಲೋ ಕ್ಯಾಂಟೀನಿನಲ್ಲೋ ಒಂದು ಜಾಗ ಖಾತ್ರಿಯಿತ್ತು.

ಬೇರೆ ಯಾರ ಮನೆಯಿಂದಲಾದರೂ ಹೊರಡುವಾಗ ನಾವು 'ಬರ್ತೀನಿ' ಅನ್ನುತ್ತೇವೆ. ಸಾವಿನ ಮನೆಯಲ್ಲಿ ಮಾತ್ರ ಅನ್ನುವುದಿಲ್ಲ. ಏನೂ ಹೇಳದೆ, ತಿರುಗಿ ನೋಡದೆ ಎದ್ದು ನಡೆಯಬೇಕು. ನಾನೂ ಹಾಗೇ ಎದ್ದು ಬಂದೆ. ಮಾಗಡಿ ರಸ್ತೆಯುದ್ದಕ್ಕೂ ಸೈಕಲ್ ತುಳಿಯುತ್ತ ಅತ್ತೆ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಹೆಂಡತಿಗೆ ಎಲ್ಲ ಹೇಳುತ್ತ ಇನ್ನೊಮ್ಮೆ ಅತ್ತೆ. ಮನಸ್ಸು ಹಗುರಾಯಿತು. ಈಗ ಯೋಚಿಸಿದರೆ ಕೇಡು ಶುರುವಾದದ್ದೇ ಅಲ್ಲಿಂದ. ಹಗುರಾದವನಿಗೆ ಕೆಲಸ ಮುಗಿದಂತೆ ಅನಿಸಿಬಿಟ್ಟಿತ್ತು.

ತಿಥಿ ಕಳೆಯಿತು. ನಾನು ಹೋಗಲಿಲ್ಲ. ಹೋದರೆ ಆ ಮುಖ ನೋಡಬೇಕು. ಚಿತ್ರಾನ್ನದ ಮಾತು ಮತ್ತೆ ತೆಗೆದರೆ? ಸ್ವಲ್ಪ ಸುಧಾರಿಸಿಕೊಳ್ಳಲಿ ಅಂದುಕೊಂಡೆ. ಯಾರು ಸುಧಾರಿಸಿಕೊಳ್ಳಬೇಕಿತ್ತೋ! ಎರಡು ಸಲ ಫಾರಂ ಜೇಬಿನಲ್ಲಿಟ್ಟುಕೊಂಡು ಹೊರಟು, ಅವರ ಬೀದಿಯ ಮೂಲೆಯ ದಿನಸಿ ಅಂಗಡಿಯಿಂದಲೇ ವಾಪಸಾದೆ. ಒಮ್ಮೆ ಸೀಮೆಎಣ್ಣೆ ಕ್ಯೂನಲ್ಲಿ ಆಕೆ ಡಬ್ಬ ಹಿಡಿದು ನಿಂತದ್ದು ಕಂಡಿತು. ಸೈಕಲನ್ನು ಪಕ್ಕದ ರಸ್ತೆಗೆ ತಿರುಗಿಸಿದೆ.

"ರೀ, ಅತ್ತಿದ್ದೇನೋ ಸರಿ. ಆ ಫಾರಂ ಕೊಟ್ರಾ?" ಎಂದು ಹೆಂಡತಿ ಒಂದು ದಿನ ಸೊಪ್ಪು ಬಿಡಿಸುತ್ತ ಕೇಳಿದಳು.

"ನಿಂಗೇನೇ ಗೊತ್ತು ಅಲ್ಲಿನ ಸಂಕಟ!" ಎಂದು ರೇಗಿದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ನೀನು ಇನ್ನೊಂದು ಸಲ ಕೇಳಬಾರದಿತ್ತೇ ಎಂದು ಆಮೇಲೆ ಅವಳ ಮೇಲೇ ಹೊರಿಸಲು ನೋಡಿದೆ. ಅಂಥ ಆಸಾಮಿ ನಾನು.

ಹದಿನಾಲ್ಕನೇ ತಿಂಗಳಲ್ಲಿ ಆಕೆಯೇ ಕಾರ್ಖಾನೆಗೆ ಬಂದಳು. ಸೆಕ್ಷನ್ನಿನ ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. "ಫಾರಂ ಇಸ್ಕೊಂಡು ಹೋಗೋಣ ಅಂತ ಬಂದೆ ಸಾರ್," ಅಂದಳು. ಫಾರಂ ನನ್ನ ಡ್ರಾಯರಿನಲ್ಲೇ ಇತ್ತು, ಜೇಬಿನಲ್ಲಿ ಬಿದ್ದ ಮಡಿಕೆಗಳ ಸಮೇತ.

ಅದನ್ನು ಹಿಡಿದು ಆಫೀಸರ ಕೋಣೆಗೆ ಓಡಿದೆ. "ವರ್ಷ ಆಗ್ಹೋಯ್ತಲ್ರೀ. ಯಾಕೆ ತಡ?" ಎಂದರು ಅವರು. ತಪ್ಪು ನನ್ನದು ಎಂದರೆ ಏನಾದರೂ ದಾರಿ ಸಿಗುತ್ತಿತ್ತೋ ಏನೋ. "ಅವ್ರೇ ಲೇಟಾಗಿ ಬಂದ್ರು ಸಾರ್," ಅಂದೆ. ಅವರು ಫಾರಂ ನನ್ನತ್ತ ತಳ್ಳಿದರು.

ಈಚೆ ಬಂದು, ಇನ್ನು ಆಗುವುದಿಲ್ಲ ಎಂದು ಆಕೆಗೆ ತಿಳಿಸಿದೆ. "ಮೊದ್ಲೇ ಬರ್ಬಹುದಿತ್ತಲ್ಲ ಅಮ್ಮ," ಅಂತಲೂ ಅಂದೆ. ಈ ಬಾಯಿಂದಲೇ.

"ಅಕ್ಕಪಕ್ಕದವ್ರು ಹೇಳ್ತಾನೇ ಇದ್ರು ಸಾರ್, ನೀನೇ ಹೋಗಿ ಕೇಳು ಅಂತ. ನಾನೇ ಬೇಡ ಅಂದೆ. ಅವ್ರು ನಮ್ ಜೊತೆ ಕೂತು ಅತ್ತಿದಾರೆ, ಅಂಥೋರು ಬರ್ದೇ ಇರ್ತಾರಾ ಅಂತ."

ನನ್ನ ಕಣ್ಣು ತುಂಬಿಕೊಂಡಿತು. ಹಾಳು ಕಣ್ಣು. "ನಿಮ್ ಕಷ್ಟ ನಂಗೆ ಅರ್ಥ ಆಗತ್ತೆ..." ಎಂದು ಶುರುಮಾಡಿದೆ.

"ಅಳ್ಬೇಡಿ ಸಾರ್," ಅಂದಳು. ಅದು ಸಮಾಧಾನದ ಮಾತಾಗಿರಲಿಲ್ಲ. ಬಾಗಿಲಿಗೆ ಮಾರಲು ಬಂದವನಿಗೆ ಬೇಡ ಅನ್ನುವ ಹಾಗಿತ್ತು.

ಆಮೇಲೆ ಎದ್ದಳು. ಅಷ್ಟು ಹೊತ್ತು ಮಾತಿಗೊಮ್ಮೆ ಸಾರ್ ಅಂದವಳು 'ಬರ್ತೀನಿ' ಅನ್ನಲಿಲ್ಲ. ಸೆರಗು ಹೊದ್ದು, ಚಪ್ಪಲಿ ಮೆಟ್ಟಿಕೊಂಡು, ಸಾವಿನ ಮನೆಯಿಂದ ಹೊರಟವರ ಹಾಗೆ ತಿರುಗಿ ನೋಡದೆ ನಡೆದಳು. 'ಹೋಗಿಬನ್ನಿ' ಎಂಬ ಮಾತು ನನ್ನ ಬಾಯಿಗೂ ಬರಲಿಲ್ಲ.