ಹೊಲಿಗೆಯಕ್ಕ ಮನೆ ಕೊಂಡ ದಿನ

ಹೊಲಿಗೆಯಕ್ಕನ ಸಂಸಾರ ಹಿಟ್ಟಿನ ಗಿರಣಿಯ ಹಿಂದಿನ ಬಾಡಿಗೆ ಕೋಣೆಯಲ್ಲಿತ್ತು. ಗಿರಣಿ ಶುರುವಾದರೆ ಗೋಡೆ, ಪಾತ್ರೆ, ಮಂಚ, ಮಂಚದ ಮೇಲೆ ಮಲಗಿದ ಗಂಡ ಎಲ್ಲವೂ ಒಟ್ಟಿಗೆ ನಡುಗುತ್ತಿದ್ದವು. ಕಪ್ಪು ಬಟ್ಟೆ ಹೊಲಿಯಲು ಕೊಟ್ಟವರಿಗೆ ಅದು ಬೂದು ಬಣ್ಣಕ್ಕೆ ತಿರುಗಿ ವಾಪಸು ಸಿಗುತ್ತಿತ್ತು. "ಕೊಡವಿಕೊಳ್ಳಿ, ಹಿಟ್ಟಿಗೆ ಬೇರೆ ದುಡ್ಡು ತಗೊಳ್ಳಲ್ಲ" ಎಂದು ಅಕ್ಕ ನಗುತ್ತಿದ್ದಳು. ಒಳಗೊಳಗೆ ಮಾತ್ರ ಅವಳಿಗೆ ಸಾಕುಸಾಕಾಗಿತ್ತು. ಮದುವೆಯಾದ ಲಾಗಾಯ್ತು ಬೇರೆಯವರ ಗೋಡೆಗಳ ನಡುವೆಯೇ ಬಾಳಿದವಳು. ಒಂದು ಮೊಳೆ ಹೊಡೆಯಬೇಕಾದರೂ ಮನೆ ಮಾಲೀಕರ ಮುಖ ನೋಡಬೇಕು.

ಹೀಗಿರುವಾಗ ನದಿದಂಡೆಯ ನರ್ಸಮ್ಮ ಮನೆ ಮಾರುತ್ತಾರಂತೆ ಎಂಬ ಸುದ್ದಿ ಬಂತು. ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆರಿಗೆ ಮಾಡಿಸಿ ನಿವೃತ್ತರಾದವರು, ಈಗ ತಂಗಿಯ ಜೊತೆ ಇರಲು ದೂರದ ಊರಿಗೆ ಹೊರಟಿದ್ದರು. ಎರಡು ಕೋಣೆ, ಒಂದು ಅಡುಗೆಮನೆ, ನೀರಿನತ್ತ ಮುಖ ಮಾಡಿದ ಜಗಲಿ. ಆ ಜಗಲಿಯ ಬೆಳಕು ನೋಡಿದ್ದೇ ತಡ, ಹೊಲಿಗೆ ಯಂತ್ರವನ್ನು ಎಲ್ಲಿಡಬೇಕು ಎಂಬುದನ್ನು ಅಕ್ಕ ಮನಸ್ಸಿನಲ್ಲೇ ಗೊತ್ತು ಮಾಡಿಬಿಟ್ಟಳು. ಆಮೇಲೆ ಕೂತರೂ ನಿಂತರೂ ಅದೇ ಧ್ಯಾನ. ಆ ಧ್ಯಾನದಲ್ಲೇ ಮೇಷ್ಟರ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದಳು. ಪಾಪ, ಮೇಷ್ಟರು ಅದನ್ನು ಹಾಕಿಕೊಳ್ಳಲು ಹೋಗಿ ಮಂಚದ ಮೇಲೆ ಬಿದ್ದರಂತೆ.

ಅದೇ ಮನೆಯ ಮೇಲೆ ಮರದ ಡಿಪೋದ ಸಾಹುಕಾರರೂ ಕಣ್ಣು ಹಾಕಿದ್ದರು. ಅವರಿಗೆ ಬೇಕಾದದ್ದು ಗೋದಾಮು. ನರ್ಸಮ್ಮ ಇಬ್ಬರಿಗೂ ಒಂದೇ ಬೆಲೆ ಹೇಳಿದರು. "ಬೆಳಿಗ್ಗೆ ಬನ್ನಿ, ಎದುರುಬದುರು ಕೂತು ಮುಗಿಸೋಣ. ಗಂಡ ಹೆಂಡ್ತಿ ಇಬ್ಬರೂ ಬರಬೇಕು. ಒಬ್ಬರು ಒಪ್ಪಿ, ಇನ್ನೊಬ್ಬರು ಆಮೇಲೆ ರಾಗ ತೆಗೆಯೋದು ಬೇಡ" ಎಂದರು.

ಅಕ್ಕನ ಎದೆ ಧಸಕ್ಕೆಂದದ್ದು ಸಾಹುಕಾರರನ್ನು ನೆನೆದಲ್ಲ, ತನ್ನ ಗಂಡನನ್ನು ನೆನೆದು. ದೋಣಿಯಣ್ಣ ಒಳ್ಳೆಯವನೇ. ಸೇತುವೆ ಆದಮೇಲೆ ದೋಣಿಯ ಕಸುಬು ಹೋಯಿತು, ನೀರಿನ ಪಂಪು ರಿಪೇರಿ ಹಿಡಿದ. ಆದರೆ ಸೇತುವೆಯ ತನಕ ನಡೆಯಲು ಮೈಗಳ್ಳರಾದವರು ಆಚೆ ದಡದಿಂದ "ದೋಣೀ" ಎಂದು ಒಮ್ಮೆ ಕೂಗಿದರೆ ಮುಗಿಯಿತು, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡುತ್ತಾನೆ. ಒಮ್ಮೆ ಅರ್ಧ ಕ್ಷೌರದಲ್ಲಿ ಎದ್ದು ಹೋದ. ಬಾಮೈದನ ಮದುವೆಯ ಫೋಟೋದಲ್ಲಿ ಎಲ್ಲರೂ ಇದ್ದಾರೆ, ಇವನ ಕುರ್ಚಿ ಮಾತ್ರ ಖಾಲಿ. ಬೈದರೆ, "ನಾನೆಲ್ಲಿ ಹೋಗ್ತೀನೇ? ಕಾಲು ತಾನೇ ಹೋಗುತ್ತೆ" ಎನ್ನುತ್ತಾನೆ. ಇಂಥವನಿಗೆ ಏನು ಹೇಳುವುದು!

"ನೋಡ್ರೀ, ಇವತ್ತು ನದಿ ಹತ್ತಿ ಉರಿದ್ರೂ ನೀವು ಏಳಬಾರದು" ಎಂದಳು ಅಕ್ಕ, ಬೆಳಿಗ್ಗೆ ಹೊರಡುವಾಗ.

"ಏಳಲ್ಲ ಮಾರಾಯ್ತಿ."

ಜಗಲಿಯಲ್ಲಿ ಮಾತು ಶುರುವಾಯಿತು. ಸಾಹುಕಾರರು ಕಾಲ ಮೇಲೆ ಕಾಲು ಹಾಕಿ, ಯಾವ ಗೋಡೆ ಕೆಡವಬೇಕು ಎಂಬುದನ್ನು ಆಗಲೇ ವಿವರಿಸುತ್ತಿದ್ದರು. ಇನ್ನೇನು ಅಕ್ಕ ಬಾಯಿ ತೆರೆಯಬೇಕು, ಆಚೆ ದಡದಿಂದ ಕೂಗು ಬಂತು.

"ದೋಣೀ!"

ಅಕ್ಕ ಗಂಡನ ಪಾದದ ಮೇಲೆ ತನ್ನ ಪಾದವಿಟ್ಟು ಒತ್ತಿದಳು. ದೋಣಿಯಣ್ಣ ಅಲುಗಲಿಲ್ಲ. ಕಿವಿ ಕೆಂಪಾದವು, ಹಣೆ ಬೆವರಿತು, ಕೈಗಳು ಕುರ್ಚಿಯನ್ನು ಬಿಗಿಯಾಗಿ ಹಿಡಿದಿದ್ದವು. ಮತ್ತೆ ಕೂಗು ಬಂತು. ವಯಸ್ಸಾದ ಹೆಂಗಸಿನ ಬತ್ತಿದ ದನಿ. ಗಂಡ ಅವಳ ಮುಖ ನೋಡಿದ. ಬೇಡಲಿಲ್ಲ, ಬರೀ ನೋಡಿದ. ಕೊಟ್ಟ ಮಾತಿಗಾಗಿ ಅವನು ಪಡುತ್ತಿದ್ದ ಪಾಡು ನೋಡಿ ಅಕ್ಕನಿಗೆ ಅಳು ಉಕ್ಕಿ ಬಂತು. ಈ ಮನುಷ್ಯನನ್ನು ಹೀಗೆ ಒತ್ತಿ ಹಿಡಿದು ಪಡೆಯುವ ಮನೆಯಲ್ಲಿ ತಾನು ಸುಖವಾಗಿರುತ್ತೇನೆಯೇ ಎನಿಸಿತು. ಅವಳು ಪಾದ ತೆಗೆದಳು.

"ಹೋಗಿ ಬನ್ನಿ" ಎಂದಳು.

ಅವನು ಮೆಟ್ಟಿಲಿಳಿದದ್ದೂ ಕಾಣಲಿಲ್ಲ. ಸಾಹುಕಾರರು ಹೊಟ್ಟೆ ಕುಲುಕಿಸಿ ನಕ್ಕರು. "ಸರಿಹೋಯ್ತು! ಇಬ್ಬರೂ ಇರಬೇಕು ಅಂದಿದ್ರಿ. ಇನ್ನೇನಿದೆ ನರ್ಸಮ್ಮ, ನನ್ನ ಕಡೆಗೇ ಮುಗಿಸಿಬಿಡಿ."

ನರ್ಸಮ್ಮ ಅವರತ್ತ ತಿರುಗಲೇ ಇಲ್ಲ. ಅಕ್ಕನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಏನಮ್ಮಾ, ಅವನ ಕಾಲು ತುಳಿದು ಕೂರಿಸಿದ್ಯಲ್ಲ?"

"ತಪ್ಪಾಯ್ತು ನರ್ಸಮ್ಮ. ಮನೆ ಆಸೆ."

"ಹೊತ್ತಲ್ಲದ ಹೊತ್ತಲ್ಲಿ, ಹೆರಿಗೆ ಮುಗಿಸಿ, ಆ ದಡದಲ್ಲಿ ನಿಂತು ನಾನು ಎಷ್ಟು ಕೂಗಿದ್ದೀನಿ ಗೊತ್ತಾ ನಿಂಗೆ? ಒಂದು ಸಲಾನೂ ಅವನು ನನ್ನ ಎರಡನೇ ಸಲ ಕೂಗಿಸಿಲ್ಲ. ಇವತ್ತು ಆ ಮುದುಕಿ ಎರಡು ಸಲ ಕೂಗೋ ಹಾಗೆ ಮಾಡಿದ್ದು ನೀನು." ಗದರುತ್ತಿದ್ದ ದನಿ ಅಲ್ಲಿಗೆ ಮೆತ್ತಗಾಯಿತು. "ಆದ್ರೆ ಬಿಟ್ಟಿದ್ದೂ ನೀನೇ. ಮನೆ ಕೈ ತಪ್ಪುತ್ತೆ ಅಂತ ಗೊತ್ತಿದ್ದೂ ಬಿಟ್ಟೆ. ನಿಮಗೇ ಕೊಡ್ತೀನಿ. ಅವನ ಹೆಸರಿಗೆ ಮಾತ್ರ ಬೇಡ, ಯಾರಾದ್ರೂ ಕೂಗಿದ್ರೆ ಇದನ್ನೂ ಬಿಟ್ಟು ಓಡ್ತಾನೆ. ನಿನ್ನ ಹೆಸರಿಗೆ ಬರೆಸೋಣ."

ಸಾಹುಕಾರರು ಕಾಲ ಮೇಲಿಂದ ಕಾಲು ಇಳಿಸಿದರು, ಟೋಪಿ ಹುಡುಕಿದರು, ಅದು ತಲೆಯ ಮೇಲೇ ಇತ್ತು. ಹೊಲಿಗೆಯಕ್ಕ ಅಳುತ್ತಲೇ ನಕ್ಕಳು, ನರ್ಸಮ್ಮನ ಎರಡು ಕೈಗಳನ್ನೂ ಹಿಡಿದುಕೊಂಡಳು. ಏನು ಹೇಳಬೇಕೋ ತಿಳಿಯದೆ, ನೆಲ ಗುಡಿಸಲೇ ಎಂದು ಕೇಳಿದಳು. "ನಿನ್ನ ನೆಲ, ಗುಡಿಸಿಕೋ ಬಿಡು" ಎಂದರು ನರ್ಸಮ್ಮ.

ಅಷ್ಟರಲ್ಲಿ ದೋಣಿ ಮರಳುತ್ತಿತ್ತು. ಅದರಲ್ಲಿ ಮುದುಕಿ, ಮುದುಕಿಯ ಮಡಿಲಲ್ಲಿ ಕೋಳಿಮರಿಗಳ ಬುಟ್ಟಿ. ದಡ ಹತ್ತಿರ ಬಂದಷ್ಟೂ ದೋಣಿಯಣ್ಣನ ಹುಟ್ಟು ನಿಧಾನವಾಗುತ್ತಿತ್ತು. ಹೆಂಡತಿಗೆ ಹೇಗೆ ಮುಖ ತೋರಿಸಲಿ ಎಂದು ತಲೆ ತಗ್ಗಿಸಿ ಕೂತಿದ್ದ.

ಹೊಲಿಗೆಯಕ್ಕ ಜಗಲಿಯ ಅಂಚಿಗೆ ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಬೇಗ ಬನ್ರೀ!" ಎಂದು ಕೂಗಿದಳು. "ನನ್ನ ಮನೆಗೆ ಮೊದಲನೇ ನೆಂಟರು ನೀವೇ!"