ಪ್ರೊಫೆಸರರ ಕೋಣೆಯಲ್ಲಿ ಅರ್ಧ ಗಂಟೆ

ಹೋದ ತಿಂಗಳ ಒಂದು ಸೋಮವಾರ ನನ್ನ ತಂಗಿ ಸುಮತಿ ಕಾಲೇಜು ಬಿಟ್ಟಳು. ಬುಧವಾರ ಮತ್ತೆ ಹೋದಳು. ನಡುವೆ ಒಂದು ಮಂಗಳವಾರವಿತ್ತು. ಈ ವಾರದ ಬರಹ ಆ ಮಂಗಳವಾರದ್ದು.

ಹೊಸಂಗಡಿಯ ನನ್ನ ಪುಸ್ತಕದಂಗಡಿಗೆ ಬಂದವರು ಸುಮತಿಯನ್ನು ನೋಡಿಯೇ ಇರುತ್ತೀರಿ. ಹೈಸ್ಕೂಲಿನಲ್ಲಿ ಲೆಕ್ಕಕ್ಕೆ ಅವಳೇ ಮೊದಲು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಪ್ರಿ-ಯೂನಿವರ್ಸಿಟಿ ತರಗತಿಗೆಂದು ದಿನಾ ಬಸ್ಸಿನಲ್ಲಿ ಕಾಸರಗೋಡಿಗೆ ಹೋಗಿಬರುತ್ತಾಳೆ.

ಆ ಸೋಮವಾರ ಸಂಜೆ ಬಂದವಳೇ ಪುಸ್ತಕಗಳನ್ನು ಅಂಗಡಿಯ ಮೇಜಿನ ಮೇಲಿಟ್ಟಳು.

“ಅಣ್ಣ, ಇದನ್ನು ಯಾರಿಗಾದರೂ ಮಾರು. ನಾನಿನ್ನು ಹೋಗುವುದಿಲ್ಲ.”

“ಎಂತಾಯಿತು ಮಾರಾಯ್ತಿ?”

“ಲೆಕ್ಕ ಅರ್ಥ ಆಗುವುದಿಲ್ಲ. ಒಂದಕ್ಷರವೂ ಆಗುವುದಿಲ್ಲ.”

ಲೆಕ್ಕವೇ? ಸುಮತಿಗೆ?

ಸುದ್ದಿ ವರ್ಕಾಡಿಗೆ ಮುಟ್ಟಲು ಒಂದು ಬಸ್ಸು ಸಾಕಾಯಿತು. ಮಂಗಳವಾರ ಬೆಳಿಗ್ಗೆ ಅಲ್ಲಿಂದ ಸೋದರಮಾವ ಹಾಜರು. ನಮ್ಮಲ್ಲಿ ಮಾವನ ಮಾತೆಂದರೆ ಕೊನೆಯ ಮಾತು.

“ಒಳ್ಳೆಯದೇ ಆಯಿತು. ಬೆಳ್ಳೂರಿನಲ್ಲಿ ಒಂದು ಸಂಬಂಧ ಉಂಟು. ಆದಿತ್ಯವಾರ ಹುಡುಗಿ ನೋಡಲಿಕ್ಕೆ ಬರಲಿ,” ಎಂದರು.

ಅಮ್ಮ ಸುಮತಿಯ ಮುಖ ನೋಡಿದರು. ಸುಮತಿ ನೆಲ ನೋಡಿದಳು.

“ಅರ್ಥ ಆಗದ್ದನ್ನು ಪ್ರೊಫೆಸರರ ಹತ್ರ ಕೇಳಿದೆಯಾ?” ಎಂದೆ.

“ಕೇಳುವುದು ಹೇಗೆ? ಅವರ ಕೋಣೆಗೆ ಹೋಗಬೇಕಲ್ಲ. ಮೂರು ಗಂಟೆಯಿಂದ ನಾಲ್ಕರವರೆಗೆ ಬರಬಹುದು ಅಂತ ಬಾಗಿಲಲ್ಲಿ ಬರೆದು ಹಾಕಿದ್ದಾರೆ. ಆದರೆ ಯಾರೂ ಹೋಗುವುದಿಲ್ಲ. ತಪ್ಪು ಮಾಡಿದವರು ಮಾತ್ರ ಅಲ್ಲಿಗೆ ಹೋಗುವುದು.”

ನೋಡಿ, ಹೀಗೆ ನಾವು. ಹೊಟ್ಟೆನೋವೆಂದು ಡಾಕ್ಟರರಿಗೆ ಹೇಳಲು ನಾಚಿಕೆಯಿಲ್ಲ. ಅರ್ಥವಾಗಲಿಲ್ಲವೆಂದು ಮಾಸ್ಟ್ರಿಗೆ ಹೇಳಲು ಮಾತ್ರ ಜೀವ ಹೋಗುತ್ತದೆ.

“ಇವತ್ತೊಂದು ದಿನ ಕೊಡಿ ಮಾವ,” ಎಂದು ಅಂಗಡಿಗೆ ಬೀಗ ಹಾಕಿದೆ. ಸುಮತಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಮೂರು ಗಂಟೆಗೆ ಸರಿಯಾಗಿ ಪ್ರೊಫೆಸರ್ ಕುರುಪ್ ಅವರ ಕೋಣೆಯ ಮುಂದೆ ಇದ್ದೆವು. ಸುಮತಿ ಬಾಗಿಲ ಮುಂದಿನಿಂದ ಆ ಕಡೆ ಹೋದಳು, ಈ ಕಡೆ ಬಂದಳು, ಮತ್ತೆ ಆ ಕಡೆ ಹೋದಳು. (ನಾನೂ ತಟ್ಟಲು ಎತ್ತಿದ ಕೈಯನ್ನು ಎರಡು ಸಲ ಇಳಿಸಿದೆ. ಸುಳ್ಳೇಕೆ ಹೇಳಲಿ?) ಕೊನೆಗೆ ನಾನೇ ಬಾಗಿಲು ತಟ್ಟಿದೆ.

ನಮ್ಮನ್ನು ನೋಡಿದ್ದೇ ಕುರುಪ್ ಗಾಬರಿಯಿಂದ ಎದ್ದು ನಿಂತು ಮಲಯಾಳದಲ್ಲಿ ಕೇಳಿದರು: “ಎಂತಾಯಿತು? ಯಾರಿಗಾದರೂ ಹುಷಾರಿಲ್ಲವಾ?”

ಆ ಕೋಣೆಗೆ ಬರುವವರು ಅಷ್ಟು ಅಪರೂಪ!

ಅವರು ತಿರುವನಂತಪುರದ ಕಡೆಯವರು. ಮಲಯಾಳ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಕನ್ನಡ ಬರುವುದಿಲ್ಲ. ಅಂಗಡಿಯಲ್ಲಿ ಕಲಿತ ಮಲಯಾಳದಲ್ಲಿ ವಿಷಯ ಹೇಳಿದೆ. ಯಾವ ಪಾಠ ಅರ್ಥವಾಗಲಿಲ್ಲ ಎಂದು ಅವರು ಸುಮತಿಯನ್ನು ಇಂಗ್ಲಿಷಿನಲ್ಲಿ ಕೇಳಿದರು.

“ಆಲ್, ಸಾರ್,” ಎಂದಳು.

ಕೆಲಸ ಕೆಟ್ಟಿತು ಎಂದುಕೊಂಡೆ. ಆದರೆ ಅವರು ಮೂಲೆಯಲ್ಲಿದ್ದ ಕುರ್ಚಿಯನ್ನು ತಾವೇ ಎಳೆದು ತಂದು ಸುಮತಿಯನ್ನು ಕೂರಿಸಿದರು. ಕಾಗದದ ಮೇಲೆ ಒಂದು ತ್ರಿಕೋನ ಬರೆದರು. ನೆಟ್ಟಗಿದ್ದ ಗೆರೆಗೆ ಐದು, ಅಡಿಯ ಗೆರೆಗೆ ಹನ್ನೆರಡು. ಓರೆಯಾಗಿದ್ದ ಗೆರೆಗೆ ಪ್ರಶ್ನೆಚಿಹ್ನೆ. ಒಂದು ಮಾತೂ ಆಡದೆ ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು.

ಸುಮತಿ ಕಣ್ಣು ಮಿಟುಕಿಸುವಷ್ಟರಲ್ಲಿ ಹದಿಮೂರು ಎಂದು ಬರೆದಳು.

“ಸರಿ! ಈ ಗೆರೆಗೆ ನಿಮ್ಮ ಕನ್ನಡದಲ್ಲಿ ಎಂತ ಹೇಳುತ್ತೀರಿ?”

“ವಿಕರ್ಣ.”

“ಅದೇ ಹೈಪಾಟನ್ಯೂಸ್!”

“ಅಯ್ಯೋ,” ಎಂದಳು ಸುಮತಿ, “ಅದು ಇದಾ?”

ಹತ್ತು ವರ್ಷ ಕನ್ನಡದಲ್ಲಿ ಲೆಕ್ಕ ಕಲಿತ ಹುಡುಗಿ. ಎಲ್ಲವೂ ಗೊತ್ತಿತ್ತು. ಕಾಲೇಜಿನ ಇಂಗ್ಲಿಷಿನಲ್ಲಿ ಹೆಸರು ಬದಲಾಗಿತ್ತು, ಅಷ್ಟೇ. ಹೈಪಾಟನ್ಯೂಸ್ ಎಂದರೆ ಏನೋ ಮಹಾ ಕಷ್ಟದ ಸಿದ್ಧಾಂತವೆಂದು ಅವಳು ವಾರಗಟ್ಟಲೆ ನಿದ್ದೆಗೆಟ್ಟಿದ್ದಳು.

ಕುರುಪ್ ಒಂದು ಪಟ್ಟಿ ಮಾಡಿದರು. ಎಡಗಡೆ ಅವರ ಇಂಗ್ಲಿಷ್, ಬಲಗಡೆ ಸುಮತಿ ಹೇಳಿದ ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ. ಒಂದೊಂದನ್ನೂ ಓದಿ ನೋಡಿದರು. “ವಿಗರ್ಣ” ಎಂದಾಗ ಅವಳು ಬಿಡಲಿಲ್ಲ. “ವಿ-ಕ-ರ್ಣ, ಸಾರ್!” ಬಾಗಿಲು ತಟ್ಟಲು ಹೆದರಿದವಳು ಅರ್ಧ ಗಂಟೆಯಲ್ಲಿ ಪ್ರೊಫೆಸರರಿಗೇ ಪಾಠ ಮಾಡುತ್ತಿದ್ದಳು.

ಹೊರಡುವಾಗ ಅವರು ನನ್ನೊಡನೆ ಮೆಲ್ಲಗೆ ಹೇಳಿದರು: “ಕ್ಲಾಸಿನಲ್ಲಿ ಎಲ್ಲರೂ ಸುಮ್ಮನೆ ಕೂತಿರುತ್ತಾರೆ. ಎಲ್ಲರಿಗೂ ಅರ್ಥವಾಗಿದೆ ಎಂದುಕೊಂಡು ನಾನು ಇನ್ನೂ ಬೇಗ ಬೇಗ ಹೋದೆ.”

ಮನೆಗೆ ಬಂದು ಮಾವನಿಗೆ ಎಲ್ಲವನ್ನೂ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಕೇಳಿದರು. ಹೈಪಾಟನ್ಯೂಸಿನ ಬಗ್ಗೆ ಒಂದು ಪ್ರಶ್ನೆಯಿಲ್ಲ.

“ಆ ಮಾಸ್ಟ್ರು ನಮ್ಮ ಹುಡುಗಿಗೆ ಕುರ್ಚಿ ಹಾಕಿ ಕೂರಿಸಿದರಾ?”

“ಹೌದು ಮಾವ. ತಾವೇ ತಂದು ಹಾಕಿದರು.”

“ಹಾಗಾದರೆ ಓದಲಿ. ಬೆಳ್ಳೂರಿನವರಿಗೆ ನಾನು ಹೇಳುತ್ತೇನೆ.”

ಬುಧವಾರ ಕುರುಪ್ ಆ ಪಟ್ಟಿಯನ್ನು ಇಡೀ ಕ್ಲಾಸಿಗೆ ಬೋರ್ಡಿನ ಮೇಲೆ ಬರೆದರಂತೆ. ಹಿಂದಿನ ಬೆಂಚಿನಿಂದ ಹುಡುಗರ ದೊಡ್ಡ ಉದ್ಗಾರ: “ಓ, ಇದಾ!” ಅಂದರೆ ಅವರಿಗೂ ಗೊತ್ತಾಗಿರಲಿಲ್ಲ. ಈಗ ಮೂರು ಗಂಟೆಗೆ ಆ ಬಾಗಿಲಲ್ಲಿ ಸಾಲು. ಪ್ರೊಫೆಸರರ ಚಹಾ ದಿನಾ ತಣ್ಣಗಾಗುತ್ತದೆ, ಮುಖದಲ್ಲಿ ಮಾತ್ರ ನಗು ಎಂದು ಸುಮತಿಯ ವರದಿ.

ಕಾಲೇಜಿಗೆ ಹೋಗುವ ಮಕ್ಕಳೇ, ಬಾಯಿ ಮುಚ್ಚಿ ಕೂತರೆ ಪ್ರೊಫೆಸರರು ನಿಮ್ಮನ್ನು ಬುದ್ಧಿವಂತರೆಂದು ತಿಳಿಯುತ್ತಾರೆ, ನಿಜ. ಆ ಮರ್ಯಾದೆಯನ್ನು ಇಟ್ಟುಕೊಂಡು ಪರೀಕ್ಷೆಯಲ್ಲಿ ಎಂತ ಮಾಡುತ್ತೀರಿ?