ರಾಕೆಟ್ಟಿನ ಮೊನೆಗೆ ನಾನು ಹಚ್ಚಿದ ಅಂಟು

ಚಿಕ್ಕೋಡಿಯ ಹವ್ಯಾಸ ಪ್ರದರ್ಶನದಲ್ಲಿ ನಮ್ಮ ರಾಕೆಟ್ಟು ತಲೆಕೆಳಗಾಗಿ ಬಂದು ಆ ಹಾಲಿನವನ ಹೆಗಲು ಮುರಿದದ್ದು ನಿನ್ನ ಮದ್ದಿನಿಂದಲ್ಲ, ದಸ್ತಗೀರ. ನನ್ನಿಂದ. ಅದರ ಮೊನೆಗೆ ಅಂಟು ಹಚ್ಚಿದವನು ನಾನು. ಹಚ್ಚಿದ್ದು ಗೊತ್ತಿತ್ತು, ಹಾರಿಸುವ ಮುಂಚೆ ನೆನಪೂ ಆಗಿತ್ತು— ಆದರೂ ಬಾಯಿ ಬಿಡಲಿಲ್ಲ. ಹತ್ತು ವರ್ಷ ಕಳೆದ ಮೇಲೆ ಈಗ ಹೇಳುತ್ತಿದ್ದೇನೆ.

ನಿನಗೊಬ್ಬನಿಗೇ ಕಾಗದ ಬರೆದರೆ ಸಾಲದು. ನಿನ್ನ ಹೆಸರು ಹೋದದ್ದು ನಾಲ್ಕು ಮಂದಿಯ ಎದುರಿಗೆ. ಆದ್ದರಿಂದ ನಮ್ಮನ್ನು ಅರಿಯದವರಿಗೂ ತಿಳಿಯುವಂತೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ನೀನು ಬೇಸರ ಮಾಡಿಕೊಳ್ಳದೆ ಓದು.

ನಿಪ್ಪಾಣಿಯ ನಮ್ಮ ರಾಕೆಟ್ ಸಂಘ ಅಂದರೆ ಮೂರು ಜನ. ವಿಜ್ಞಾನ ಕಲಿಸುತ್ತಿದ್ದ ಕುಲಕರ್ಣಿ ಮಾಸ್ತರರು ನಮ್ಮ ಅಧ್ಯಕ್ಷರು, ಲೆಕ್ಕ-ನಕಾಶೆ ಅವರದು. ಮದುವೆ-ಮುಂಜಿಗೆ ಬಾಣ ಬಿರುಸು ಮಾಡಿಕೊಡುವ ಮನೆತನದ ದಸ್ತಗೀರ ಮದ್ದು ತುಂಬುವವನು. ದರ್ಜಿಯಾದ ನಾನು, ಬಾಳಪ್ಪ, ಪ್ಯಾರಾಶೂಟ್ ಹೊಲಿಯುವವನು. ತಂಬಾಕಿನ ಊರಿನಲ್ಲಿ ಮೂವರು ಗಂಡಸರು ಸಂಸಾರ ಬಿಟ್ಟು ಕಾಗದದ ಕೊಳವೆ ಸುತ್ತುತ್ತ ಕೂತರೆ ಜನ ಸುಮ್ಮನಿರುತ್ತಾರೆಯೇ? ಅಂಗಿ ಅಳತೆಗೆ ಬಂದವರೆಲ್ಲ ಚಂದ್ರನ ಮೇಲೆ ಯಾವಾಗ ಅಂಗಡಿ ತೆರೆಯುತ್ತೀ ಎಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ, ಆದರೆ ಒಳಗೊಳಗೆ ಉರಿಯುತ್ತಿತ್ತು.

ನಮ್ಮ ರಾಕೆಟ್ಟು ಹೀಗಿತ್ತು: ಮೊಳದುದ್ದದ ಕಾಗದದ ಕೊಳವೆ, ತುದಿಗೆ ಹಾಲವಾಣ ಮರದ ಹಗುರ ಮೊನೆ, ಒಳಗೆ ಮಡಿಸಿಟ್ಟ ನನ್ನ ಪ್ಯಾರಾಶೂಟ್. ಮೇಲೇರಿದ ಮೇಲೆ ಕೊನೆಯ ಚಿಟಿಕೆ ಮದ್ದು ಒಳಗೇ ಸಿಡಿದು ಮೊನೆಯನ್ನು ಹೊರಗೆ ತಳ್ಳಬೇಕು, ಆಗ ಪ್ಯಾರಾಶೂಟ್ ಬಿಚ್ಚಿಕೊಂಡು ಎಲ್ಲವೂ ನಿಧಾನ ಇಳಿಯಬೇಕು. ಮೊನೆ ತೀರಾ ಸಡಿಲ ಇರಬಾರದು, ಬಿಗಿಯೂ ಇರಬಾರದು. ಹಾರಿಸುವ ಮುಂಚೆ ಮೊನೆ ಹಿಡಿದು ರಾಕೆಟ್ಟನ್ನು ಎತ್ತಿ ಮೆಲ್ಲಗೆ ಅಲುಗಿಸಿದರೆ ಕಳಚಿಕೊಳ್ಳಬೇಕು. ಆ ಪರೀಕ್ಷೆ ನನ್ನದು.

ನಿನ್ನ ಕೆಲಸಕ್ಕೆ ನಿಮ್ಮ ಮನೆಯ ರೂಢಿಯೇ ಬೇರೆ ಇತ್ತು. ಎರಡು ಸಲ ತೂಗಿ, ಬಿಸ್ಮಿಲ್ಲಾ ಅಂದು ತುಂಬಿ, ಮದ್ದಿನ ಕೊಳವೆಯ ಬಾಯಿಗೆ ಮೆತ್ತಿದ ಹಸಿ ಮಣ್ಣಿಗೆ ಹೆಬ್ಬೆರಳು ಒತ್ತುತ್ತಿದ್ದೆ. ಆ ಗುರುತು ಯಾರದೋ ಹೊಣೆಯೂ ಅವರದೇ. ಅದರಿಂದ ಒಬ್ಬ ಮನುಷ್ಯನಿಗೆ ಪೆಟ್ಟಾದರೆ ತುಂಬಿದವನು ಕೈ ಇಳಿಸಬೇಕು— ಅಂದರೆ ಆಮೇಲೆ ಜನ್ಮದಲ್ಲಿ ಮದ್ದು ಮುಟ್ಟಬಾರದು. ನಿಮ್ಮ ದೊಡ್ಡಪ್ಪ ಹಾಗೆ ಕೈ ಇಳಿಸಿ ಎಮ್ಮೆ ಕಟ್ಟಿದ ಕತೆಯನ್ನು ನೀನೇ ಹೇಳಿದ್ದೆ. ಎಂದರೆ ಇದು ನನಗೆ ಗೊತ್ತಿತ್ತು. ಮೊದಲೇ ಗೊತ್ತಿತ್ತು.

ಪ್ರದರ್ಶನಕ್ಕೆ ನಾವು ಬಸ್ಸಿನಲ್ಲಿ ಹೋದೆವು. ಧೋತರದಲ್ಲಿ ಸುತ್ತಿದ ರಾಕೆಟ್ಟನ್ನು ನೋಡಿ ಕಂಡಕ್ಟರ್, "ಯಪ್ಪಾ, ಇದೇನ್ರಿ, ಬಂದೂಕೇನು?" ಎಂದು ಹಿಂದೆ ಸರಿದದ್ದಕ್ಕೆ ಚಿಕ್ಕೋಡಿ ಬರುವವರೆಗೂ ನಕ್ಕೆವು. ಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿದ್ದರು. ಒಂದು ಕಡೆ ಅಂಚೆಚೀಟಿ, ಇನ್ನೊಂದು ಕಡೆ ಕಸೂತಿ, ನಮ್ಮ ಪಕ್ಕದಲ್ಲಿ ಹಳೆಯ ನಾಣ್ಯ ಕೂಡಿಡುವ ಅಥಣಿಯ ಒಬ್ಬ ಸಾಹುಕಾರರು. ನಮ್ಮ ಮೇಜಿನ ಮೇಲೆ ನನ್ನ ಹೆಂಡತಿಯ ಇಳಕಲ್ ಸೀರೆ, ಅದರ ಮೇಲೆ ಕೆಂಪು ಬಣ್ಣದ ರಾಕೆಟ್ಟು. ನಾಲ್ಕು ಗಂಟೆಯವರೆಗೆ ತೋರಿಸುವುದು, ನಾಲ್ಕಕ್ಕೆ ಅದನ್ನೇ ಹಾರಿಸುವುದು ಎಂದು ಮಾಸ್ತರರು ಹೇಳಿದ್ದರು.

ಬಂದವರೆಲ್ಲ ಮಾಡುತ್ತಿದ್ದುದು ಒಂದೇ ಕೆಲಸ. ಮೊನೆ ಹಿಡಿದು ಎತ್ತುವುದು. ಅದು ಕಳಚಿ ಕೈಗೆ ಬರುವುದು. ಪ್ಯಾರಾಶೂಟ್ ಕರುಳಿನಂತೆ ಹೊರಬೀಳುವುದು. "ಮುಟ್ಟೋದ್ರಾಗ ಮುರೀತಲ್ಲೋ!" ಎಂದು ನಗುವುದು. ನಾನು ಮತ್ತೆ ಮಡಿಸಿ, ಬಟ್ಟೆ ಅಂಟಿಕೊಳ್ಳದಂತೆ ಮುಖದ ಪೌಡರ್ ಹಚ್ಚಿ, ತುರುಕಿ ಮುಚ್ಚುವುದು. ಹನ್ನೆರಡು ಸಲವೋ ಹದಿನೈದು ಸಲವೋ— ಕೊನೆಗೆ ನಾಣ್ಯದ ಸಾಹುಕಾರರು ಎಲ್ಲರಿಗೂ ಕೇಳುವಂತೆ, "ದರ್ಜಿ ಆಕಾಶಕ್ಕ ಅಂಗಿ ಹೊಲಿಯಾಕ ಹೊಂಟಾನ, ಗುಂಡಿ ಹಚ್ಚೂದ ಮರ್ತಾನ" ಅಂದರು. ಪೆಂಡಾಲೇ ನಕ್ಕಿತು. ನೀನೂ ಮಾಸ್ತರರೂ ಊಟಕ್ಕೆ ಹೋಗಿದ್ದಿರಿ. ನಾನು ಅಂಟಿನ ಸೀಸೆ ತೆಗೆದು ಮೊನೆಯ ಬುಡಕ್ಕೆ ಸುತ್ತಲೂ ಹಚ್ಚಿ ಒತ್ತಿ ಕೂಡಿಸಿಬಿಟ್ಟೆ. ಮೂರೂವರೆಗೆ ಬ್ಲೇಡಿನಿಂದ ಬಿಡಿಸಿದರಾಯಿತು ಅಂದುಕೊಂಡೆ.

ಆಮೇಲೆ ಯಾರು ಎತ್ತಿದರೂ ಅದು ಕಳಚಲಿಲ್ಲ. ನನಗೆ ಎಂಥ ಸಮಾಧಾನ! ಆ ಸಮಾಧಾನದಲ್ಲೇ ಮರೆತೆ. ಪ್ರದರ್ಶನದ ಮುಖ್ಯ ಅತಿಥಿಗಳು ಅರ್ಧ ಗಂಟೆ ಮೊದಲೇ ಬಂದರು, ಮಾಸ್ತರರು ಗಡಿಬಿಡಿಯಿಂದ ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ದರು, ನೀನು ಊರಲ್ಲೇ ನನ್ನೆದುರು ತುಂಬಿ ತಂದಿದ್ದ ಮದ್ದಿನ ಕೊಳವೆ ಕೂಡಿಸಿ ಕೈ ಒರೆಸಿಕೊಂಡೆ. ಆಗ ಮಾಸ್ತರರು ಎಂದಿನಂತೆ ಕೇಳಿದರು.

"ಮೊನಿ ನೋಡೀಯೇನೋ ಬಾಳಪ್ಪ?"

ನಾನು ಮೊನೆ ಹಿಡಿದು ಅಲುಗಿಸಿದೆ. ಅಲುಗಲಿಲ್ಲ. ತಿರುವಿದೆ. ತಿರುಗಲಿಲ್ಲ. ಆಗ ಅಂಟು ನೆನಪಾಯಿತು. ಸ್ವಲ್ಪ ತಡೀರಿ ಅಂದಿದ್ದರೆ ಆಗುತ್ತಿತ್ತು— ಎರಡೇ ಮಾತು. ಆದರೆ ಸಾಹುಕಾರರು ಮುಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದರು. ನಾನು ಜನಕ್ಕೆ ಬೆನ್ನು ಮಾಡಿ, ಎತ್ತಿ ನೋಡಿದಂತೆ ನಟಿಸಿ ಹೇಳಿದೆ.

"ನೋಡೀನ್ರಿ."

ಎಷ್ಟು ಚಂದ ಏರಿತು ಅದು! ನೀನು ತುಂಬಿದ್ದು ಎಂದೂ ಸೊಟ್ಟ ಹೋಗಿರಲಿಲ್ಲ. ಮೇಲೆ ಪಟ್ ಎಂದು ಸದ್ದಾಯಿತು, ಮೊನೆ ಕಳಚಲಿಲ್ಲ, ಹೊರದಾರಿ ಸಿಗದ ಸಿಡಿತ ಹಿಂದಿನ ಬಾಯಿಯನ್ನೇ ಹರಿದುಕೊಂಡು ಬಂತು. ರಾಕೆಟ್ಟು ಮೊನೆ ಕೆಳಗಾಗಿ ಕಲ್ಲಿನಂತೆ ಬಿತ್ತು. ಬೇಲಿಯ ಆಚೆ ಸೈಕಲ್ ಹಿಡಿದು ನೋಡುತ್ತ ನಿಂತಿದ್ದ ಹಾಲಿನವನು ಕ್ಯಾನಿನ ಸಮೇತ ನೆಲಕ್ಕೆ ಬಿದ್ದ.

ಎಲ್ಲರೂ ಆ ಮನುಷ್ಯನ ಕಡೆಗೆ ಓಡಿದರು. ನಾನು ರಾಕೆಟ್ಟಿನ ಕಡೆಗೆ ಓಡಿದೆ. ಮೊನೆ ಇನ್ನೂ ಕೊಳವೆಗೆ ಗಟ್ಟಿಯಾಗಿ ಕೂತಿತ್ತು. ಚಪ್ಪಲಿ ಕಾಲಿನಿಂದ ಮೂರು ಸಲ ತುಳಿದೆ. ಅಂಟಿದ್ದ ಜಾಗವೆಲ್ಲ ಚೂರಾಗುವವರೆಗೆ ತುಳಿದೆ. ಆಮೇಲಷ್ಟೇ ಹಾಲಿನವನಿಗೆ ಏನಾಯಿತು ಎಂದು ನೋಡಲು ಹೋದೆ.

ಹರಿದ ಹಿಂಬದಿಯನ್ನು ನೋಡಿ ಅಲ್ಲಿದ್ದವರೆಲ್ಲ ಮದ್ದು ಹೆಚ್ಚಾಗಿದೆ ಅಂದರು. ಅತಿಥಿಗಳು ಸಿಟ್ಟಿನಿಂದ, "ಇದನ್ನ ತುಂಬಿದವರು ಯಾರು?" ಎಂದು ಕೇಳಿದರು. ಮಾಸ್ತರರು ಹಾಲಿನವನ ತಲೆ ಹಿಡಿದು ಕೂತಿದ್ದರು. ಉತ್ತರ ಕೊಟ್ಟವನು ನಾನು.

"ದಸ್ತಗೀರ ತುಂಬ್ಯಾನ್ರಿ."

ಸುಳ್ಳಲ್ಲ ಅದು. ಇಷ್ಟು ವರ್ಷ ನಾನು ಇದನ್ನೇ ಹಿಡಿದುಕೊಂಡು ಬದುಕಿದೆ— ನಾನು ಸುಳ್ಳು ಹೇಳಲಿಲ್ಲವಲ್ಲ! ಕೇಳಿದ್ದಕ್ಕೆ ನಿಜ ಹೇಳಿದೆ. ಅಂಥ ಹೊಲಸು ನಿಜವನ್ನು ನಾನು ಮತ್ತೆ ಆಡಿಲ್ಲ. ಆದರೆ ಸುಳ್ಳೂ ಬಂತು, ಎರಡೇ ನಿಮಿಷಕ್ಕೆ. ನೀನು ಬಿಳಿಚಿಕೊಂಡು ನನ್ನ ತೋಳು ಹಿಡಿದು, "ಎರಡ ಸಲ ತೂಗೇನಲ್ಲೋ ಬಾಳಪ್ಪ, ನೀನೂ ಅಲ್ಲೇ ಇದ್ದೆಲ್ಲೋ" ಅಂದೆ. ನಾನು, "ನನ್ನ ಲಕ್ಷ್ಯ ಇರಲಿಲ್ಲೋ" ಅಂದೆ. ಲಕ್ಷ್ಯ ಇತ್ತು. ತಕ್ಕಡಿಯ ಮುಳ್ಳು ನೇರ ನಿಂತದ್ದನ್ನು ಎರಡು ಸಲವೂ ಕಣ್ಣಾರೆ ಕಂಡಿದ್ದೆ.

ಹಾಲಿನವನ ಮೂಳೆ ಕೂಡಿತು, ಅವನು ಮತ್ತೆ ಸೈಕಲ್ ಹತ್ತಿದ. ನಿನ್ನದು ಕೂಡಲಿಲ್ಲ. ದವಾಖಾನೆಯ ಮೆಟ್ಟಿಲ ಮೇಲೆ, ಸುದ್ದಿ ಕೇಳಿ ಬಂದ ನಿಮ್ಮ ಅಪ್ಪ ನಿನ್ನ ಬಲಗೈ ಹಿಡಿದು, "ಇಳಸ್ ಬೇಟಾ" ಅಂದರು. ಬೈಯಲಿಲ್ಲ. ಅವರ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು. ನಾನು ಎರಡು ಮಾರು ದೂರದಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದೆ, ಕುಡಿದೆ ಕೂಡ. ಆಮೇಲೆ ನಿಮ್ಮ ಮನೆಯ ಕೆಲಸ ನಿನ್ನ ಅಣ್ಣನದಾಯಿತು, ನೀನು ಸದಲಗಾಕ್ಕೆ ಹೋಗಿ ಸೈಕಲ್ ಅಂಗಡಿ ಇಟ್ಟೆ. ಸಂಘ ಅಲ್ಲಿಗೇ ಮುಗಿಯಿತು. ನಿಮ್ಮ ಅಪ್ಪ ತೀರಿಕೊಂಡಾಗ ನಾನು ಮಣ್ಣಿಗೆ ಬಂದಿದ್ದೆ. ಅವರಿಗೆ ಹೇಳುವ ಕಾಲ ಹೋಯಿತು, ಅದನ್ನು ಯಾವ ಕಾಗದವೂ ತಿದ್ದಲಾರದು.

ಇಷ್ಟೇ ಆಗಿದ್ದರೆ ಬಹುಶಃ— ಇಲ್ಲ, ನನ್ನ ಬಗ್ಗೆ ನನಗೆ ಗೊತ್ತು— ಹೀಗೇ ಮುಚ್ಚಿಟ್ಟು ಸಾಯುತ್ತಿದ್ದೆ. ಹೋದ ತಿಂಗಳು ಸದಲಗಾದಲ್ಲಿ ನೀನು ನನ್ನನ್ನು ಕಂಡು ಅಂಗಡಿಯೊಳಗೆ ಕರೆದೆ. ಚಹಾ ತರಿಸಿದೆ. ಸಂಸಾರದ ಮಾತೆಲ್ಲ ಮುಗಿದ ಮೇಲೆ, ಟ್ಯೂಬು ತಿಕ್ಕುತ್ತ, ತಲೆ ಎತ್ತದೆ ಕೇಳಿದೆ.

"ಒಂದ ಮಾತ ಹೇಳೋ. ಅವತ್ತ ನಾ ಎಲ್ಲಿ ತಪ್ಪಿದೆ? ಇಷ್ಟ ವರ್ಷ ಆತು, ಎಷ್ಟ ವಿಚಾರ ಮಾಡಿದ್ರೂ ತಿಳೀವಲ್ದು. ಈಗ ನಟ್ ಬಿಗಿ ಮಾಡಿದ್ರೂ ಮೂರ್ಮೂರು ಸಲ ನೋಡ್ತೀನಿ. ಈ ಕೈ ಮ್ಯಾಲ ನಂಬಿಗೀನ ಉಳದಿಲ್ಲ."

ಆಗಲೂ ನಾನು ಹೇಳಲಿಲ್ಲ. ನಿನ್ನ ಬೆನ್ನು ತಟ್ಟಿ, "ಹೋಗ್ಲಿ ಬಿಡೋ, ತಪ್ಪು ಯಾರಿಗಾಗೂದಿಲ್ಲ? ನಾನಂತೂ ಅದನ್ನ ಯಾವಾಗೋ ಮನಸಿನ್ಯಾಗಿಂದ ತಗದೀನಿ" ಅಂದೆ. ನಿನ್ನನ್ನು ನಾನು ಕ್ಷಮಿಸಿದೆ, ದಸ್ತಗೀರ! ನೀನು ನನ್ನ ಎರಡೂ ಕೈ ಹಿಡಿದುಕೊಂಡು, "ನಿಂದು ದೊಡ್ಡ ಮನಸ್ಸೋ" ಅಂದೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕತ್ತರಿ ಹಿಡಿದರೆ ಬಟ್ಟೆ ಸೊಟ್ಟ ಹೋಗುತ್ತದೆ, ಹೆಂಡತಿ ಮಾತಾಡಿಸಿದರೆ ಸಿಡುಕುತ್ತೇನೆ. ಮೊನ್ನೆ ಅವಳಿಗೇ ಮೊದಲು ಹೇಳಿದೆ. ಅವಳು ಎದ್ದು ಹೋದಳು.

ಇಲ್ಲಿಯವರೆಗೆ ಬರೆದದ್ದರ ಒಂದು ಪ್ರತಿಯನ್ನು ಇವತ್ತು ಬೆಳಿಗ್ಗೆ ಕುಲಕರ್ಣಿ ಮಾಸ್ತರರಿಗೆ ಕೊಟ್ಟೆ, ಇನ್ನೊಂದನ್ನು ನಿನ್ನ ಅಣ್ಣನ ಕೈಗೆ. ಇನ್ನು ಹಿಂದೆ ಸರಿಯಲು ನನಗೆ ದಾರಿ ಇಟ್ಟುಕೊಂಡಿಲ್ಲ. ಮೂರನೆಯದನ್ನು ಹಿಡಿದುಕೊಂಡು ಮಧ್ಯಾಹ್ನದ ಬಸ್ಸಿಗೆ ಸದಲಗಾಕ್ಕೆ ಬರುತ್ತಿದ್ದೇನೆ. ನಿನ್ನ ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಅವರನ್ನು ಕಳಿಸಬೇಡ, ಅವರ ಎದುರಿಗೇ ಹೇಳುತ್ತೇನೆ. ಆಮೇಲೆ ನೀನು ಹೊಡೆದರೂ ಸರಿ, ಮುಖ ತಿರುಗಿಸಿದರೂ ಸರಿ.

ಎಲ್ಲಿ ತಪ್ಪಿದೆ ಎಂದು ಕೇಳಿದ್ದೆಯಲ್ಲ. ಎಲ್ಲಿಯೂ ಇಲ್ಲ. ಅವತ್ತು ನೀನು ಎಲ್ಲಿಯೂ ತಪ್ಪಿರಲಿಲ್ಲ.